ದ್ವೇಷದ ಮಾತು ಮತ್ತು ಪ್ರಶ್ನಿಸುವವನ ಧರ್ಮ

ಇಂದಿನ ಸವದತ್ತಿಯನ್ನು ಶಾಸನಗಳು ಸುಗಂಧವರ್ತಿಯೆಂದು ಕರೆಯುತ್ತವೆ. ರಟ್ಟರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕ್ರಿ.ಶ. 980ರಲ್ಲಿ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ದಾನವಿತ್ತನು. 1204ರ ಹೊತ್ತಿಗೆ ವೇಣುಗ್ರಾಮದಲ್ಲಿ, ಎಂದರೆ ಬೆಳಗಾವಿಯಲ್ಲಿ, ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನ ರಟ್ಟ ಜಿನಾಲಯವು ತಲೆಯೆತ್ತಿತ್ತು. 1228ರ ಸವದತ್ತಿಯ ಶಾಸನವು ಶೈವ ದೇವಾಲಯವೊಂದಕ್ಕೆ ಸಂಬಂಧಿಸಿದುದು; ಆದರೂ ಅದು ರಾಜಗುರುವಾದ ಮುನಿಚಂದ್ರದೇವನನ್ನು ಮನದುಂಬಿ ಕೊಂಡಾಡುತ್ತದೆ. ಒಂದು ಮತದ ದೇಗುಲದ ಕಲ್ಲು ಇನ್ನೊಂದು ಮತದ ಗುರುವನ್ನು ಹೊಗಳಿದ ನೆಲವಿದು.

ಆ ಕಾಲ ಕಳೆದುಹೋಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಇಂದು ನಮ್ಮ ಮನೆಗಳು ಚಿಕ್ಕೋಡಿ, ಅಥಣಿಗಳ ಕಡೆಯಷ್ಟು ಇಲ್ಲ. ಅಲ್ಪಸಂಖ್ಯೆಯಲ್ಲಿರುವ ಸಮಾಜವು ನೆರೆಹೊರೆಯವರ ಸದ್ಭಾವದಿಂದ ಬದುಕುತ್ತದೆ. ಆ ಸದ್ಭಾವವನ್ನು ಬೆಳೆಸುವ ಶಕ್ತಿಯೂ ಕೆಡಿಸುವ ಶಕ್ತಿಯೂ ಆಳುವವರ ನಾಲಗೆಯಲ್ಲಿದೆ. ಅಧಿಕಾರದಲ್ಲಿರುವವನು, ಇಲ್ಲವೇ ಅಧಿಕಾರವನ್ನು ಬಯಸುವವನು, ಒಂದು ಸಮಾಜವನ್ನು ಕುರಿತು ದ್ವೇಷದ ಮಾತನಾಡಿದಾಗ ಅವನನ್ನು ಯಾರು ಪ್ರಶ್ನಿಸಬೇಕು, ಹೇಗೆ ಪ್ರಶ್ನಿಸಬೇಕು? ಹಿಂದೆ ಈ ಪ್ರಶ್ನೆ ರಾಜಸಭೆಯಲ್ಲಿ ಏಳುತ್ತಿತ್ತು. ಇಂದು ಅದು ಬಹುಮಟ್ಟಿಗೆ ಆಕಾಶವಾಣಿ, ದೂರದರ್ಶನಗಳ ಸಂದರ್ಶಕನ ಪಾಲಿಗೆ ಬಂದಿದೆ. ಆದುದರಿಂದ ಇದು ಪತ್ರಕರ್ತರ ಕಸುಬಿನ ವಿಚಾರವಷ್ಟೇ ಅಲ್ಲ, ಶ್ರಾವಕರೂ ಯೋಚಿಸಬೇಕಾದ ನೀತಿಯ ವಿಚಾರ.

ಬುಕ್ಕರಾಯನ ಸಭೆ

ಕನ್ನಡ ನಾಡಿನ ಇತಿಹಾಸದಲ್ಲಿ ಇಂಥ ವಿಚಾರಣೆಯ ಅತ್ಯುತ್ತಮ ದಾಖಲೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. 1368ರಲ್ಲಿ ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ತಮಗಾಗುತ್ತಿದ್ದ ಅನ್ಯಾಯಗಳನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ದೂರನ್ನು ಮೂಲೆಗೆ ತಳ್ಳಲಿಲ್ಲ. ದೂರು ತಂದವರನ್ನು ಗುಟ್ಟಾಗಿ ಸಮಾಧಾನಪಡಿಸಿ ಕಳುಹಿಸಲೂ ಇಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೊಳಗೊಂಡ ಶ್ರೀವೈಷ್ಣವ ಪ್ರಮುಖರ ಎದುರಿನಲ್ಲಿಯೇ ವಿಚಾರವನ್ನು ಎತ್ತಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇರಿಸಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರು ಅರ್ಹರೆಂದು ಸ್ಪಷ್ಟಪಡಿಸಿದನು.

ಈ ಪ್ರಸಂಗವನ್ನು ನಮ್ಮ ಸಭೆಗಳಲ್ಲಿ ಹಲವು ಬಾರಿ ಸ್ಮರಿಸುತ್ತೇವೆ. ಆದರೆ ಅದರ ಮುಂದಿನ ಭಾಗವನ್ನು ಅಷ್ಟಾಗಿ ಗಮನಿಸುವುದಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಸಂಗ್ರಹಿಸಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನಿಯಮಿಸಬೇಕು, ಉಳಿದುದರಿಂದ ಜಿನಾಲಯಗಳಿಗೆ ಸುಣ್ಣ ಬಳಿಸಿ ಜೀರ್ಣೋದ್ಧಾರ ಮಾಡಿಸಬೇಕು ಎಂದು ಕಟ್ಟಳೆಯಾಯಿತು. ಈ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯ. ಯಾರ ಜನರ ಮೇಲೆ ದೂರು ಬಂದಿತ್ತೋ ಅವರ ಹಿರಿಯನೇ ದೂರಿತ್ತವರ ರಕ್ಷಕನಾದನು. ಕಟ್ಟಳೆಯನ್ನು ಮುರಿದವರು ರಾಜದ್ರೋಹಿಗಳೆಂದೂ ಸಂಘಸಮುದಾಯಗಳ ದ್ರೋಹಿಗಳೆಂದೂ ಶಾಸನವು ಸಾರಿತು.

ಇಲ್ಲಿ ಮೂರು ಅಂಶಗಳನ್ನು ಕಾಣಬಹುದು. ನೊಂದವರ ದೂರನ್ನು ಅವರ ಬಾಯಿಂದಲೇ ಕೇಳಲಾಯಿತು. ಹೊಣೆಗಾರರನ್ನು ಬಹಿರಂಗವಾಗಿ ಎದುರಿನಲ್ಲಿ ನಿಲ್ಲಿಸಲಾಯಿತು. ವಿಚಾರಣೆಯು ಸವಿನುಡಿಯಲ್ಲಿ ಮುಗಿಯದೆ, ಮುಂದೆ ಏನು ಮಾಡತಕ್ಕದ್ದೆಂಬ ನಿಶ್ಚಯದಲ್ಲಿ ಮುಗಿಯಿತು. ಈ ಮೂರನ್ನೂ ಅಳತೆಗೋಲಾಗಿ ಇರಿಸಿಕೊಂಡು ಇಂದಿನ ಪ್ರಸಾರ ಮಾಧ್ಯಮಗಳನ್ನು ನೋಡೋಣ.

ಪ್ರಶ್ನೆಯಿಲ್ಲದ ಧ್ವನಿ

ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ನಮ್ಮ ಭಾಗಕ್ಕೆ ಆ ಧ್ವನಿ ಹತ್ತಿರವಾದುದು 1950ರ ಜನವರಿ 8ರಂದು ಧಾರವಾಡ ಕೇಂದ್ರವು ಪ್ರಾರಂಭವಾದಾಗ. ಕಿತ್ತೂರು, ಬೈಲಹೊಂಗಲಗಳ ಹಳ್ಳಿಗಳಿಗೆ ಕೃಷಿ, ಸಂಗೀತ, ನಾಟಕ, ವಾರ್ತೆಗಳನ್ನು ತಲುಪಿಸಿದ ಆ ಕೇಂದ್ರದ ಉಪಕಾರ ದೊಡ್ಡದು. ಆದರೆ ಸರಕಾರದ ಅಧೀನದಲ್ಲಿದ್ದ ಬಾನುಲಿಯಲ್ಲಿ ಮಂತ್ರಿಗಳ ಭಾಷಣಕ್ಕೆ ಸ್ಥಳವಿದ್ದಷ್ಟು ಮಂತ್ರಿಗಳನ್ನು ಪ್ರಶ್ನಿಸುವುದಕ್ಕೆ ಇರಲಿಲ್ಲ.

ಪ್ರಶ್ನೆಯಿಲ್ಲದ ಧ್ವನಿಯು ಎಷ್ಟು ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಜರ್ಮನಿಯ ಇತಿಹಾಸವೇ ಸಾಕ್ಷಿ. 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು ಅದೇ ವರ್ಷ ಅಗ್ಗದ ಬೆಲೆಯ ರೇಡಿಯೋ ಪೆಟ್ಟಿಗೆಗಳನ್ನು ಮಾರಾಟಕ್ಕೆ ತಂದು ಮನೆಮನೆಗೂ ತಮ್ಮ ಮಾತನ್ನು ಮುಟ್ಟಿಸಿದರು. ಯಹೂದಿಗಳೇ ದೇಶದ ಎಲ್ಲ ಕೇಡಿಗೂ ಕಾರಣರೆಂಬ ಮಾತು ದಿನವೂ ಕೇಳಿ ಕೇಳಿ ಜನರಿಗೆ ಸಹಜವಾಗಿ ತೋರತೊಡಗಿತು. ಕೊನೆಗೆ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯಾಯಿತು. 1946ರ ನ್ಯೂರೆಂಬರ್ಗ್ ನ್ಯಾಯಮಂಡಲವು ದ್ವೇಷಪತ್ರಿಕೆಯ ಸಂಪಾದಕ ಯೂಲಿಯುಸ್ ಸ್ಟ್ರೈಖರನಿಗೆ ಮರಣದಂಡನೆ ವಿಧಿಸಿತು. ರೇಡಿಯೋ ವ್ಯಾಖ್ಯಾನಕಾರ ಹಾನ್ಸ್ ಫ್ರಿಟ್ಸೆಯನ್ನು ಬಿಡುಗಡೆ ಮಾಡಿತು. ಕಾನೂನಿನ ದೃಷ್ಟಿಯಲ್ಲಿ ಮಾತಿಗೂ ಕೃತಿಗೂ ಇರುವ ನಂಟನ್ನು ಸ್ಥಾಪಿಸುವುದು ಸುಲಭವಲ್ಲ. ನೀತಿಯ ದೃಷ್ಟಿಯಲ್ಲಿ ಮಾತ್ರ, ಆ ಮಾತಿಗೆ ಆಧಾರವೇನೆಂದು ಆ ಬಾನುಲಿಯಲ್ಲಿ ಕೇಳುವವನೊಬ್ಬನೂ ಇರಲಿಲ್ಲವೆಂಬುದು ಮರೆಯಲಾಗದ ಪಾಠ.

ನಮ್ಮ ನಾಡಿನಲ್ಲಿಯೂ ಪ್ರಸಾರಕ್ಕೂ ರಕ್ತಪಾತಕ್ಕೂ ನಂಟು ಬೆಳೆದ ಘಟನೆಯಿದೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನವು ಹತ್ತು ನಿಮಿಷದ ಉರ್ದು ವಾರ್ತೆಯನ್ನು ಆರಂಭಿಸಿತು. ಅದರ ವಿರುದ್ಧ ಎದ್ದ ಚಳವಳಿಯು ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು, ವಾರ್ತೆಯು ನಿಂತುಹೋಯಿತು. ಕನ್ನಡದ ಸ್ಥಾನಮಾನದ ಬಗೆಗಿನ ನ್ಯಾಯವಾದ ಕಳವಳವು ಯಾವುದು, ಒಂದು ಸಮಾಜದ ಮೇಲಿನ ದ್ವೇಷವು ಯಾವುದು ಎಂದು ಅಂಥ ಹೊತ್ತಿನಲ್ಲಿ ಬಿಡಿಸಿ ಕೇಳುವ ಸಂದರ್ಶಕನು ಬೇಕಾಗಿತ್ತು. ಭಾಷಾಭಿಮಾನವನ್ನೂ ಮತದ್ವೇಷವನ್ನೂ ಒಂದೇ ಗಂಟಿನಲ್ಲಿ ಕಟ್ಟಿದಾಗ ಎರಡಕ್ಕೂ ಹಾನಿ.

ಒಂದು ಸಂದರ್ಶನದ ಪಾಠ

ಇನ್ನು ನೇರವಾಗಿ ಪ್ರಶ್ನಿಸಿದ ಪ್ರಸಂಗವೊಂದನ್ನು ನೋಡೋಣ. ಅದು ನಡೆದುದು ಬ್ರಿಟನ್ನಿನಲ್ಲಿ. ಅಲ್ಲಿಯ ಲೇಬರ್ ಪಕ್ಷದೊಳಗೆ ಯಹೂದಿ ದ್ವೇಷವು ಬೆಳೆದಿದೆ, ನಾಯಕರು ಅದನ್ನು ತಡೆಯಲಿಲ್ಲ ಎಂಬ ಆರೋಪವು ಕೆಲವು ವರ್ಷಗಳಿಂದ ಇದ್ದಿತು. 2019ರ ಚುನಾವಣೆಯ ಕಾಲದಲ್ಲಿ, ನವೆಂಬರ್ 26ರಂದು, ಬಿಬಿಸಿಯ ಆಂಡ್ರೂ ನೀಲ್ ಅವರು ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅವರನ್ನು ಸಂದರ್ಶಿಸಿದರು. ಯಹೂದಿಗಳ ಪ್ರಧಾನ ಧರ್ಮಗುರುಗಳು ತಮ್ಮ ಸಮಾಜದ ಆತಂಕವನ್ನು ಬಹಿರಂಗವಾಗಿ ಬರೆದುದು ಅದೇ ಸಮಯದಲ್ಲಿ. ಯಹೂದಿ ಸಮಾಜದ ಕ್ಷಮೆ ಕೇಳುವಿರಾ ಎಂದು ನೀಲ್ ಕೇಳಿದರು. ಯಾವ ಬಗೆಯ ಜನಾಂಗದ್ವೇಷವನ್ನೂ ತಮ್ಮ ಪಕ್ಷ ಸಹಿಸದೆಂಬ ಸಾಮಾನ್ಯ ಉತ್ತರ ಬಂದಾಗ, ದನಿಯೇರಿಸದೆ, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಇಷ್ಟೇ ಅಲ್ಲದೆ, ಯಹೂದಿಗಳ ಕೈಯಲ್ಲಿ ಜಗತ್ತಿನ ಸರಕಾರಗಳಿವೆಯೆಂಬ ಧಾಟಿಯ ಒಂದು ಹೇಳಿಕೆಯನ್ನು ಮುಂದಿಟ್ಟು, ಇದು ದ್ವೇಷದ ಮಾತೋ ಅಲ್ಲವೋ ಎಂದು ವಿಚಾರಿಸಿದರು. ನೇರವಾದ ಉತ್ತರ ಸುಲಭವಾಗಿ ಬರಲಿಲ್ಲ.

ಮುಂದೆ ಡಿಸೆಂಬರಿನ ಮೊದಲಲ್ಲಿ ಬೇರೊಂದು ಕಾರ್ಯಕ್ರಮದಲ್ಲಿ ಕಾರ್ಬಿನ್ ವಿಷಾದ ಸೂಚಿಸಿದರು. 2020ರ ಅಕ್ಟೋಬರ್ 29ರಂದು ಅಲ್ಲಿಯ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗವು, ಕಿರುಕುಳ ಹಾಗೂ ಭೇದಭಾವದ ಕಾನೂನುಬಾಹಿರ ಕೃತ್ಯಗಳಿಗೆ ಪಕ್ಷವು ಹೊಣೆಯೆಂದು ವರದಿ ನೀಡಿತು. ಸಮಸ್ಯೆಯ ಪ್ರಮಾಣವನ್ನು ವಿರೋಧಿಗಳೂ ಮಾಧ್ಯಮಗಳೂ ಹಿಗ್ಗಿಸಿದವು ಎಂಬುದು ಕಾರ್ಬಿನ್ ಅವರ ವಾದವಾಗಿತ್ತು. ಪಕ್ಷವು ಅವರನ್ನು ಅಂದೇ ಅಮಾನತುಗೊಳಿಸಿತು.

ಇಲ್ಲಿ ಎರಡು ಮಾತುಗಳನ್ನು ವಾಚಕರು ಗಮನಿಸಬೇಕು. ಇಸ್ರೇಲ್ ಸರಕಾರದ ನೀತಿಯನ್ನು ಟೀಕಿಸುವುದು ಬೇರೆ, ಯಹೂದಿಗಳನ್ನು ಯಹೂದಿಗಳೆಂಬ ಕಾರಣಕ್ಕೆ ಹಳಿಯುವುದು ಬೇರೆ. ಸಂದರ್ಶಕನು ಈ ಗೆರೆಯನ್ನು ಅಳಿಸಿದರೆ ಪ್ರಶ್ನೆಯೇ ಅನ್ಯಾಯವಾಗುತ್ತದೆ. ರಾಜಕಾರಣಿಯು ಈ ಗೆರೆಯ ಹಿಂದೆ ಅಡಗಿಕೊಂಡರೆ ಉತ್ತರವು ಅನ್ಯಾಯವಾಗುತ್ತದೆ. ಎರಡನೆಯದು ಇನ್ನೂ ಮುಖ್ಯವಾದುದು. ಅದೇ ಚುನಾವಣೆಯಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರು ನೀಲ್ ಅವರ ಸಂದರ್ಶನಕ್ಕೆ ಬರಲೇ ಇಲ್ಲ. ಬುರ್ಖಾ ಧರಿಸುವ ಮುಸ್ಲಿಂ ಮಹಿಳೆಯರನ್ನು ಹಾಸ್ಯ ಮಾಡಿದ 2018ರ ಅವರ ಬರಹವೂ ಆಕ್ಷೇಪಕ್ಕೆ ಗುರಿಯಾಗಿತ್ತು. ನೀಲ್ ಅವರು ಡಿಸೆಂಬರ್ 5ರಂದು ಆ ಗೈರುಹಾಜರಿಯನ್ನು ವೀಕ್ಷಕರ ಮುಂದೆ ಬಹಿರಂಗವಾಗಿ ಹೇಳಿದರು. ಒಬ್ಬನು ಉತ್ತರಿಸಿ ತೊಂದರೆಗೆ ಸಿಲುಕುವುದು, ಇನ್ನೊಬ್ಬನು ತಪ್ಪಿಸಿಕೊಂಡು ಗೆಲ್ಲುವುದು ನ್ಯಾಯವಲ್ಲ. ತೂಕದ ಕಲ್ಲು ಎಲ್ಲರಿಗೂ ಒಂದೇ ಆಗಿರಬೇಕು.

ಸತ್ಯವ್ರತದ ಐದು ಭಾವನೆಗಳು

ಸಂದರ್ಶಕನ ನಡೆಗೆ ಬೇಕಾದ ಸೂತ್ರವು ನಮ್ಮ ಆಗಮಗಳಿಗೆ ಹೊಸದಲ್ಲ. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಕ್ರೋಧ, ಲೋಭ, ಭೀರುತ್ವ, ಹಾಸ್ಯ ಈ ನಾಲ್ಕರ ತ್ಯಾಗ. ಐದನೆಯದು ಅನುವೀಚಿಭಾಷಣ, ಎಂದರೆ ವಿಚಾರಿಸಿ ಆಡುವ ನಿರ್ದೋಷವಾದ ಮಾತು.

ಕ್ರೋಧದಿಂದ ಕೇಳಿದ ಪ್ರಶ್ನೆಯು ಪ್ರಶ್ನೆಯಲ್ಲ, ಪ್ರತಿದ್ವೇಷ. ಲೋಭವು ವೀಕ್ಷಕರ ಸಂಖ್ಯೆಯ ರೂಪದಲ್ಲಿ ಬರುತ್ತದೆ. ಜಗಳವಿದ್ದಷ್ಟೂ ಜಾಹೀರಾತು ಹೆಚ್ಚು. ಭೀರುತ್ವವು ಅಧಿಕಾರದ ಮುಂದೆ ಮೃದುವಾಗಿ ಅಲ್ಪರ ಮುಂದೆ ಗರ್ಜಿಸುತ್ತದೆ. ಹಾಸ್ಯವು ನೊಂದವರ ನೋವನ್ನು ವಿನೋದವಾಗಿಸುತ್ತದೆ. ಇವು ಬರಿಯ ಉಪದೇಶವಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. 2020ರಲ್ಲಿ ಕೊರೋನಾ ಕಾಲಿಟ್ಟಾಗ ದಿಲ್ಲಿಯ ತಬ್ಲೀಘಿ ಸಭೆಯನ್ನು ಕುರಿತು ಕೆಲವು ವಾಹಿನಿಗಳು ಪ್ರಸಾರ ಮಾಡಿದ ಕಾರ್ಯಕ್ರಮಗಳ ಮೇಲೆ ದೂರು ಹೋಯಿತು. ವಾರ್ತಾವಾಹಿನಿಗಳೇ ರಚಿಸಿಕೊಂಡ ನಿಯಂತ್ರಣ ಪ್ರಾಧಿಕಾರವು 2021ರ ಜೂನ್ ತಿಂಗಳಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ಇಲ್ಲಿ ರಾಜಕಾರಣಿಯ ಮಾತನ್ನು ಪರೀಕ್ಷಿಸಬೇಕಾದ ಪೀಠವೇ ಪರೀಕ್ಷೆಗೊಳಗಾಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಎಂ. ಜೋಸೆಫ್ ಅವರಿದ್ದ ಪೀಠವೂ, ಚರ್ಚೆಯಲ್ಲಿ ದ್ವೇಷದ ಮಾತು ನುಸುಳದಂತೆ ತಡೆಯುವುದು ನಿರೂಪಕನ ಕರ್ತವ್ಯವೆಂದು ಅಭಿಪ್ರಾಯಪಟ್ಟಿತು. ಧರ್ಮಗಳ ಮೇಲೆ, ಸಮುದಾಯಗಳ ಮೇಲೆ ಆಕ್ರಮಣ ಮಾಡುವ ಕಾರ್ಯಕ್ರಮಗಳನ್ನು ಕೇಬಲ್ ಪ್ರಸಾರದ ನಿಯಮಗಳು 1994ರಿಂದಲೇ ನಿಷೇಧಿಸಿವೆ. ನಿಯಮದ ಕೊರತೆಯಿಲ್ಲ, ಆಚರಣೆಯ ಕೊರತೆಯಿದೆ.

ಅನುವೀಚಿಭಾಷಣವೆಂದರೆ ಸಂದರ್ಶಕನ ಪೂರ್ವಸಿದ್ಧತೆ. ತಾವು ದ್ವೇಷಿಗಳಲ್ಲವೇ ಎಂದು ಕೇಳಿದರೆ ಅಲ್ಲವೆಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಇಂಥ ದಿನ, ಇಂಥ ಊರಿನ ಸಭೆಯಲ್ಲಿ ಈ ಮಾತನ್ನು ಆಡಿದ್ದೀರಿ. ಇದಕ್ಕೆ ಆಧಾರವೇನು, ಈ ಮಾತು ಸುಳ್ಳೆಂದು ಈಗ ತೋರಿಬಂದಿದೆ, ಹಿಂತೆಗೆದುಕೊಳ್ಳುವಿರಾ ಎಂದು ಕೇಳಿದರೆ ವ್ಯಕ್ತಿಯ ಅಂತರಂಗವನ್ನು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಅಂತರಂಗವನ್ನು ಕೇವಲಜ್ಞಾನಿ ಬಲ್ಲನು. ಸಂದರ್ಶಕನು ಆಡಿದ ಮಾತನ್ನು ಹಿಡಿದರೆ ಸಾಕು.

ಆಲೋಚನೆಯ ದೋಷಗಳು

ಉತ್ತರಿಸುವವನು ಹೇಗೆ ತಪ್ಪಿಸಿಕೊಳ್ಳುತ್ತಾನೆಂಬುದನ್ನೂ ನಮ್ಮ ಆಚಾರ್ಯರು ಅರಿತಿದ್ದರು. ಗುರುವಿನ ಮುಂದೆ ತನ್ನ ದೋಷವನ್ನು ನಿವೇದಿಸುವ ಆಲೋಚನೆಗೆ ಹತ್ತು ದೋಷಗಳುಂಟೆಂದು ಭಗವತೀ ಆರಾಧನೆಯಂಥ ಗ್ರಂಥಗಳು ಹೇಳುತ್ತವೆ. ಅವುಗಳಲ್ಲಿ ನಾಲ್ಕನ್ನು ಇಂದಿನ ಸಂದರ್ಶನಗಳಲ್ಲಿ ಕಣ್ಣಾರೆ ಕಾಣಬಹುದು. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿ ಉಳಿದುದನ್ನು ಮುಚ್ಚುವುದು ದೃಷ್ಟ; ಕ್ಯಾಮೆರಾಕ್ಕೆ ಸಿಕ್ಕಿದುದನ್ನಷ್ಟೇ ಒಪ್ಪುವವರು ಈ ಗುಂಪಿನವರು. ಸಣ್ಣ ತಪ್ಪನ್ನು ಹೇಳಿ ದೊಡ್ಡದನ್ನು ಮರೆಸುವುದು ಸೂಕ್ಷ್ಮ. ಪದ ಬಳಕೆಯಲ್ಲಿ ಎಡವಿದೆನೆಂಬುದು ಅದರ ಇಂದಿನ ರೂಪ. ಗದ್ದಲದ ನಡುವೆ ಯಾರಿಗೂ ಕೇಳದಂತೆ ಹೇಳಿ ಮುಗಿಸುವುದು ಶಬ್ದಾಕುಲಿತ. ಹತ್ತು ಜನ ಏಕಕಾಲದಲ್ಲಿ ಕೂಗಾಡುವ ಚರ್ಚೆಗಳಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ತನ್ನಂತೆಯೇ ದೋಷವುಳ್ಳವನ ಮುಂದೆ ನಿವೇದಿಸುವುದು ತತ್ಸೇವಿ. ತನ್ನ ದ್ವೇಷವನ್ನೇ ಹಂಚಿಕೊಂಡ ನಿರೂಪಕನನ್ನು ಆರಿಸಿಕೊಂಡು ಸಂದರ್ಶನ ಕೊಡುವ ರಾಜಕಾರಣಿಯು ಇಲ್ಲಿ ಸೇರುತ್ತಾನೆ.

ಅನೇಕಾಂತದ ಹೆಸರಿನಲ್ಲಿ

ಎರಡೂ ಕಡೆಯವರನ್ನು ಕೂರಿಸಿ ಸಮಾನ ಕಾಲ ಕೊಟ್ಟರೆ ಸಾಲದೇ, ಅನೇಕಾಂತವು ಹೇಳುವುದೂ ಅದೇ ಅಲ್ಲವೇ ಎಂದು ಕೆಲವರು ಕೇಳಬಹುದು. ಇದು ಅನೇಕಾಂತದ ತಪ್ಪು ತಿಳುವಳಿಕೆ. ವಸ್ತುವಿನ ಒಂದು ಧರ್ಮವನ್ನು ಹೇಳಿ ಉಳಿದ ಧರ್ಮಗಳನ್ನು ಅಲ್ಲಗಳೆಯದೆ ಇರುವುದು ನಯ. ಉಳಿದುದನ್ನು ನಿರಾಕರಿಸಿದರೆ ಅದು ದುರ್ನಯ. ಒಂದು ಸಮಾಜದ ಬದುಕುವ ಹಕ್ಕನ್ನೇ, ಅದರ ಪ್ರಾಮಾಣಿಕತೆಯನ್ನೇ ಸಾರಾಸಗಟಾಗಿ ನಿರಾಕರಿಸುವ ಮಾತು ಸತ್ಯದ ಒಂದು ಮುಖವಾಗಲಾರದು. ದ್ವೇಷವನ್ನೂ ದ್ವೇಷದ ದೂರನ್ನೂ ಸಮನಾದ ಎರಡು ಅಭಿಪ್ರಾಯಗಳೆಂದು ತೂಗುವುದು ಮಧ್ಯಸ್ಥಿಕೆಯಲ್ಲ. ಆದರೆ ಆರೋಪಕ್ಕೊಳಗಾದವನ ಮಾತನ್ನು ಪೂರ್ತಿಯಾಗಿ ಕೇಳುವುದು, ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕದಿರುವುದು, ತಪ್ಪು ಆರೋಪವಾಗಿದ್ದರೆ ಅಷ್ಟೇ ಬಹಿರಂಗವಾಗಿ ತಿದ್ದಿಕೊಳ್ಳುವುದು, ಇವು ಅನೇಕಾಂತದ ನಿಜವಾದ ಬೇಡಿಕೆಗಳು.

ನಮ್ಮ ಮನೆಯ ಬಾಗಿಲಿನಲ್ಲಿ

ಇಷ್ಟನ್ನು ಹೇಳುವುದು ಸುಲಭ. ನಮಗೇ ನೋವಾದಾಗ ಇದನ್ನು ನಡೆಸುವುದು ಕಷ್ಟ. 2023ರ ಜುಲೈ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದ ಆಚಾರ್ಯ ಶ್ರೀ ಕಾಮಕುಮಾರ ನಂದಿ ಮಹಾರಾಜರ ಹತ್ಯೆಯಾಯಿತು. ಅಹಿಂಸೆಯ ಮೂರ್ತಿಯಾದ ದಿಗಂಬರ ಮುನಿಯೊಬ್ಬರ ದೇಹವು ರಾಯಬಾಗ ತಾಲೂಕಿನಲ್ಲಿ ಪಾಳುಬಿದ್ದ ಕೊಳವೆಬಾವಿಯೊಳಗೆ ಸಿಕ್ಕಿದಾಗ ಸಮಾಜದ ಎದೆ ಒಡೆಯಿತು. ವರೂರಿನ ಗುಣಧರನಂದಿ ಮಹಾರಾಜರು ಉಪವಾಸ ಕೈಗೊಂಡರು. ಗೃಹಸಚಿವರು ಅವರನ್ನು ಕಂಡು ಭರವಸೆಯಿತ್ತ ಮೇಲೆ ಅದು ಮುಗಿಯಿತು. ತನಿಖೆಯು ಸಿಐಡಿಯ ಕೈಸೇರಿತು.

ಬಂಧಿತರಾದ ಇಬ್ಬರೂ ಬೇರೆ ಬೇರೆ ಧರ್ಮಗಳವರು. ಹಣದ ವ್ಯವಹಾರವೇ ಕಾರಣವೆಂದು ಪೊಲೀಸರು ಹೇಳಿದರು. ಆದರೂ ಕೆಲವು ರಾಜಕಾರಣಿಗಳ ಮಾತಿನಲ್ಲಿ ಒಬ್ಬ ಆರೋಪಿಯ ಹೆಸರೂ ಧರ್ಮವೂ ಹತ್ಯೆಗಿಂತ ದೊಡ್ಡ ಸಂಗತಿಯಾದವು. ಮುನಿಗಳ ರಕ್ಷಣೆಯಲ್ಲಿ ಲೋಪವಾಯಿತೇ, ತನಿಖೆ ಸರಿಯಾಗಿ ನಡೆಯುತ್ತಿದೆಯೇ ಎಂದು ಸರಕಾರವನ್ನು ಕಟುವಾಗಿ ಕೇಳುವುದು ವಿರೋಧಪಕ್ಷದ ಹಕ್ಕು, ನಮ್ಮ ಹಕ್ಕು ಕೂಡ. ಸರಕಾರದವರು ಆ ಪ್ರಶ್ನೆಗೆ ಉತ್ತರಿಸಲೇಬೇಕು. ಆದರೆ ನಮ್ಮ ದುಃಖವನ್ನು ಹಿಡಿದು ಇನ್ನೊಂದು ಸಮಾಜದತ್ತ ಬೊಟ್ಟು ಮಾಡಿದವರನ್ನು ಕೇಳಬೇಕಾದ ಪ್ರಶ್ನೆಯೂ ಇದ್ದಿತು: ಒಬ್ಬನ ಧರ್ಮವನ್ನು ಎತ್ತಿ ಇನ್ನೊಬ್ಬನ ಧರ್ಮವನ್ನು ಬಿಟ್ಟುದೇಕೆ? ತಮ್ಮಲ್ಲಿ ಪುರಾವೆಯಿದ್ದರೆ ತನಿಖಾಧಿಕಾರಿಗೆ ಒಪ್ಪಿಸಿದಿರಾ? ಈ ಪ್ರಶ್ನೆಯನ್ನು ಮೊದಲು ಕೇಳುವ ಹಕ್ಕು ನೊಂದವರಾದ ನಮಗಿತ್ತು. ನಾವು ಅದನ್ನು ಸಾಕಷ್ಟು ಗಟ್ಟಿಯಾಗಿ ಕೇಳಿದೆವೇ ಎಂದು ಪ್ರತಿಯೊಬ್ಬರೂ ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಜೈನರು 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಮಾನ್ಯರಾದರು. ಅಲ್ಪಸಂಖ್ಯಾತರ ಹಕ್ಕನ್ನು ಬೇಡುವವರು ಅಲ್ಪಸಂಖ್ಯಾತರ ಮೇಲಿನ ದ್ವೇಷಕ್ಕೆ ಮೌನಸಮ್ಮತಿ ಕೊಡಲಾಗದು. ಇಂದು ಇನ್ನೊಬ್ಬರ ಮೇಲೆ ಹರಿತವಾದ ನಾಲಗೆ ನಾಳೆ ನಮ್ಮ ಮೇಲೆ ತಿರುಗಿದಾಗ ಯಾರ ನೆರವನ್ನು ಬಯಸೋಣ?

ದೂರದರ್ಶನದ ಪೀಠದಲ್ಲಿ ಕೂರುವವರು ನಮ್ಮ ಊರುಗಳಲ್ಲಿ ವಿರಳ. ಆದರೆ ಪಂಚಕಲ್ಯಾಣ ಮಹೋತ್ಸವಕ್ಕೆ, ಬಸದಿಯ ಜೀರ್ಣೋದ್ಧಾರಕ್ಕೆ, ಮಹಾವೀರ ಜಯಂತಿಗೆ ಜನಪ್ರತಿನಿಧಿಗಳನ್ನು ಆಮಂತ್ರಿಸುವುದು ಬೈಲಹೊಂಗಲದಿಂದ ರಾಮದುರ್ಗದವರೆಗೆ ಎಲ್ಲ ಕಡೆಯೂ ಇದೆ. ಹಾರ ಹಾಕಿ ಅನುದಾನದ ಮನವಿ ಕೊಡುವುದರೊಂದಿಗೆ, ತಾವು ಇಂಥ ಸಭೆಯಲ್ಲಿ ಆಡಿದ ಮಾತು ನಮಗೆ ಸರಿಕಾಣಲಿಲ್ಲವೆಂದು ವಿನಯದಿಂದ ಹೇಳುವ ಹಿರಿಯನೊಬ್ಬನು ಪ್ರತಿ ಟ್ರಸ್ಟಿನಲ್ಲಿಯೂ ಇರಲಿ. ಮನೆಯಲ್ಲಿ ದೂರದರ್ಶನ ನೋಡುವಾಗ, ಈ ಪ್ರಶ್ನೆಯಲ್ಲಿ ಕ್ರೋಧವಿದೆಯೇ, ಲೋಭವಿದೆಯೇ, ಭಯವಿದೆಯೇ, ಹಾಸ್ಯವಿದೆಯೇ ಎಂದು ಮಕ್ಕಳೊಡನೆ ವಿಚಾರಿಸುವ ಅಭ್ಯಾಸವೂ ಬೆಳೆಯಲಿ. ವೀಕ್ಷಕನು ಕೂಗಾಟವನ್ನು ಬಿಟ್ಟೆದ್ದರೆ ಕೂಗಾಟಕ್ಕೆ ಬೆಲೆಯಿಲ್ಲ.

ಪರ್ಯುಷಣದ ಕೊನೆಯಲ್ಲಿ ನಾವು ಪರಸ್ಪರ ಕ್ಷಮೆ ಕೇಳುತ್ತೇವೆ. ಆ ಕ್ಷಮೆಯಲ್ಲಿ ನಿಮಗೆ ನೋವಾಗಿದ್ದರೆ ಎಂಬ ಷರತ್ತಿಗೆ ಸ್ಥಾನವಿರಕೂಡದು. ತಪ್ಪನ್ನು ತಪ್ಪೆಂದು ಕಂಡು, ಮತ್ತೆ ಮಾಡೆನೆಂಬ ಸಂಕಲ್ಪವೇ ಅದರ ಜೀವ. ಸಂದರ್ಶಕನು ರಾಜಕಾರಣಿಯಿಂದ ಕೇಳಬೇಕಾದುದು ಇಂಥ ಮಾತನ್ನು. ಬುಕ್ಕರಾಯನು ಎರಡು ಕೈಗಳನ್ನು ಕೂಡಿಸಿ ಅಲ್ಲಿಗೇ ಸುಮ್ಮನಾಗಲಿಲ್ಲ, ಇಪ್ಪತ್ತು ಕಾವಲುಗಾರರನ್ನೂ ನಿಲ್ಲಿಸಿದನು. ಸರಿಯಾದ ಪ್ರಶ್ನೆಯು ಇಂದಿನ ಕಾಲದ ಆ ಕಾವಲು. ಅದನ್ನು ನಮ್ಮ ಬಸದಿಗೆ ಬೇಡುವ ನಾವು ನೆರೆಯವರ ಗುಡಿ, ಮಸೀದಿ, ಚರ್ಚುಗಳಿಗೂ ಬೇಡೋಣ.